ಮಿಷನ್ನಿನ ಬೆಲ್ಟ್ ಕತ್ತರಿಸಿದ್ದು ನಾನೇ

೧೯೯೦ರಲ್ಲಿ ನಾನು ಕುವೈತ್‌ನಲ್ಲಿ ಒಬ್ಬ ಆಸ್ಟ್ರೇಲಿಯನ್ ಲೇಖಕಿಯ ಮನೆಯಲ್ಲಿ ಕೆಲಸಕ್ಕಿದ್ದೆ. ಬ್ನೇದ್ ಅಲ್ ಗಾರ್‌ನಲ್ಲಿ ಅವರ ಫ್ಲ್ಯಾಟು. ಹಗಲು ಅಲ್ಲಿ ಅಡುಗೆ, ಕ್ಲೀನಿಂಗು. ಸಂಜೆ ರಿಗ್ಗೈಯ ನನ್ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಮ್ಮ ಕಡೆಯ ಹೆಂಗಸರಿಗೆ ಬ್ಲೌಸು ಹೊಲಿಯುವುದು. ನಾನು ಓದಿದ್ದು ಮೂರನೇ ಕ್ಲಾಸು. ಇದರಲ್ಲಿ ಅಲಂಕಾರ ಹುಡುಕಬೇಡಿ.

ಮೇಡಂ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅಷ್ಟರಲ್ಲೇ ಎರಡು ಕಾದಂಬರಿ ಬರೆದಾಗಿತ್ತು. ಒಂದು ಕುರಿ ಸಾಕುವ ಊರಿನದು, ಇನ್ನೊಂದು ಗಂಡನನ್ನು ಬಿಟ್ಟು ಬಂದ ನರ್ಸಿನದು. ಆದರೆ ಅವರ ದೇಶದವರು ಹೆದರುತ್ತಿದ್ದದ್ದು ಅವರ ವಿಮರ್ಶೆಗೆ. ಬೇರೆಯವರ ಪುಸ್ತಕ ಓದಿ, ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಪೇಪರಿನಲ್ಲಿ ಬರೆಯುವ ಕೆಲಸ ಅದು.

"ಸೇಸ, ಬರೆಯುವವರಿಗೆ ಏನೂ ತೋಚದಿದ್ದರೆ ಹೆಂಗಸನ್ನು ಗೊಳೋ ಎಂದು ಅಳಿಸುತ್ತಾರೆ. ನಾನು ಹಿಡಿಯುವುದೇ ಅಲ್ಲಿ" ಎಂದು ಒಮ್ಮೆ ಹೇಳಿದ್ದರು. ಅವರದ್ದು ಹರಕು ಹಿಂದಿ, ನನ್ನದು ಹರಕು ಇಂಗ್ಲಿಷು. ಆದರೂ ಆ ಮಾತು ನನಗೆ ಸರಿಯಾಗಿಯೇ ಅರ್ಥವಾಗಿತ್ತು.

ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಒಳಗೆ ಬಂತು. ಬಿಳಿಯರನ್ನು ಹುಡುಕಿ ಹಿಡಿದು ಬಾಗ್ದಾದಿಗೆ ಸಾಗಿಸುತ್ತಿದ್ದರು. ಅಡಗಿಸಿಟ್ಟವರಿಗೆ ನೇಣು ಎಂದು ಜನ ಹೇಳುತ್ತಿದ್ದರು. ನಾನು ಮೈಯೆಲ್ಲ ಮುಚ್ಚುವ ಒಂದು ಕಪ್ಪು ಅಬಾಯಾ ಎರವಲು ತಂದು ಮೇಡಂಗೆ ಹೊದಿಸಿ, ಶುವೈಖ್ ಗ್ಯಾರೇಜಿನ ನಮ್ಮೂರಿನ ಡ್ರೈವರನ ವ್ಯಾನಿನಲ್ಲಿ ರಿಗ್ಗೈಗೆ ಕರೆತಂದೆ. ಬಟ್ಟೆಯ ಬ್ಯಾಗು ಬಿಟ್ಟು ಅವರು ಟೈಪ್‌ರೈಟರ್ ಹೊತ್ತು ತಂದರು. ಬೆರಳ ಗಂಟಿನ ನೋವಿಗೆ ಅವರ ಕೈಯಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ.

ಒಳಕೋಣೆಯಲ್ಲಿ ಕೂರಿಸಿದ ಮರುದಿನವೇ ಟಕಟಕ ಶುರುವಾಯಿತು. ಪಕ್ಕದ ಮನೆಯ ಮೈಸೂರು ಕಡೆಯ ಇಂಜಿನಿಯರ್ ಓಡಿ ಬಂದರು.

"ಸೇಸಮ್ಮ, ಏನ್ರೀ ಇದು? ಬೀದಿಗೆಲ್ಲ ಕೇಳಿಸ್ತಾ ಇದೆ. ನಮಗೂ ಹೆಂಡ್ತಿ ಮಕ್ಕಳಿದ್ದಾರೆ. ನಿಲ್ಲಿಸಿ, ಇಲ್ಲಾ ಆಯಮ್ಮನ್ನ ಕಳಿಸಿಬಿಡಿ."

"ಎಲ್ಲಿಗೆ ಕಳಿಸುದು ಸಾರ್? ನಿಮ್ಮ ಮನೆಗಾ?"

"ತಮಾಷೆ ಮಾಡಬೇಡಿ."

"ತಮಾಷೆ ಎಂತದು ಮಾರಾಯ್ರೆ. ನಿಮ್ಮ ಹೆಂಡತಿಯ ಮೂರು ಬ್ಲೌಸು ಉಂಟು ನನ್ನ ಹತ್ರ. ಇವತ್ತಿನಿಂದ ಹಗಲಿಡೀ ಹೊಲಿತೇನೆ. ನಿಮಗೆ ಕೇಳುದು ಮಿಷನ್ ಮಾತ್ರ."

ಅವರು ಸಿಟ್ಟಿನಲ್ಲೇ ಹೋದರು. ಯಾರಿಗೂ ಹೇಳಲಿಲ್ಲ, ಅದು ದೊಡ್ಡದು.

ನನ್ನದು ಕಾಲಿನಲ್ಲಿ ತುಳಿಯುವ ಹಳೆಯ ಮಿಷನ್. ಓಡಿದರೆ ನೆಲವೇ ನಡುಗುತ್ತಿತ್ತು. ಅದನ್ನು ಒಳಕೋಣೆಯ ಬಾಗಿಲಿಗೆ ಒತ್ತಿ ಇಟ್ಟೆ. ಮೇಡಂಗೆ ನಿಯಮ ಹೇಳಿದೆ: ಮಿಷನ್ ಓಡಿದರೆ ನೀವು ಟೈಪ್ ಮಾಡಿ, ನಿಂತರೆ ನೀವೂ ನಿಲ್ಲಿಸಿ. ಎಸಿಯ ಸದ್ದಿನಲ್ಲಿ ಒಳಗಿದ್ದವರಿಗೆ ಹೊರಗಿನ ಮಾತು ಕೇಳುತ್ತಿರಲಿಲ್ಲ, ಮಿಷನ್ನಿನ ನಡುಕ ಮಾತ್ರ ತಿಳಿಯುತ್ತಿತ್ತು. ಹೊಲಿಯುವ ಬಟ್ಟೆ ಮುಗಿದ ಮೇಲೆ ಹಳೆಯ ಸೀರೆಯ ಮೇಲೆ ಸುಮ್ಮನೆ ಗೀಟು ಹೊಡೆದೆ. ಎರಡು ವಾರ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಬಾಗಿಲು ಬಡಿದರು. ನಾನು ಕಾಲು ತೆಗೆದೆ. ಒಳಗೂ ಸದ್ದು ನಿಂತಿತು. ತೆರೆದರೆ ಬಂದೂಕಿನ ಸೈನಿಕ, ಒಬ್ಬನೇ. ಮೀಸೆ ನರೆತ ಮನುಷ್ಯ, ಅಂಗಿಯ ಜೇಬು ಹರಿದು ನೇತಾಡುತ್ತಿತ್ತು. ಅಡುಗೆಮನೆ ನೋಡಿದ. ನನ್ನ ಮಿಷನ್ ನೋಡಿದ. ಅದರ ಹಿಂದಿನ ಬಾಗಿಲು ನೋಡಿದ.

"ಒಳಗೆ ಯಾರು?" ಅಂದ.

"ನಾನು ಮಲಗುವ ಕೋಣೆ. ನಿನಗೇನು ಅಲ್ಲಿ?" ಒಂಬತ್ತು ವರ್ಷ ಅಡುಗೆಮನೆಯಲ್ಲಿ ಕಲಿತ ಅರಬ್ಬಿಯಲ್ಲಿ ಕೇಳಿದೆ. ಅವನು ಒಂದು ಹೆಜ್ಜೆ ಮುಂದೆ ಬಂದ. ನಾನು ಜೇಬು ಹಿಡಿದು ಜಗ್ಗಿದೆ. "ಸರ್ಕಾರದ ಅಂಗಿ ಹೀಗಾ ಇಟ್ಟುಕೊಳ್ಳುವುದು? ಬಿಚ್ಚು, ಹೊಲಿದು ಕೊಡುತ್ತೇನೆ."

ಅವನು ಬಿಚ್ಚಿಕೊಟ್ಟು, ಮಿಷನ್ನಿನ ಪಕ್ಕ ಒಳಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಸ್ಟೂಲಿನಲ್ಲಿ ಕುಳಿತ. ನಾನು ಸೂಜಿಗೆ ನೂಲು ಪೋಣಿಸಿದೆ. ಅವನು ಗದರಿದ. "ಕೈಯಲ್ಲಿ ಯಾಕೆ? ಮಿಷನ್ ಉಂಟಲ್ಲ, ಯಲ್ಲಾ, ಬೇಗ!"

ಆಗ ನನಗೆ ಹೊಳೆಯಿತು. ನಾನು ಮಿಷನ್ ತುಳಿದರೆ ಒಳಗೆ ಮೇಡಂ ಟೈಪ್ ಮಾಡುತ್ತಾರೆ, ಕೊಟ್ಟ ನಿಯಮದಂತೆ. ಇವನ ಬೆನ್ನಿಗೂ ಬಾಗಿಲಿಗೂ ನಡುವೆ ಒಂದು ಗೇಣು. ಮಿಷನ್ ಕೆಟ್ಟಿದೆ ಎನ್ನುವ ಹಾಗಿಲ್ಲ, ಓಡಿದ್ದನ್ನು ಮೆಟ್ಟಿಲಲ್ಲೇ ಕೇಳಿಕೊಂಡು ಬಂದವನು.

ಚಕ್ರ ಸರಿಮಾಡುವವಳ ಹಾಗೆ ಬಗ್ಗಿ, ಕತ್ತರಿಯಿಂದ ಚರ್ಮದ ಬೆಲ್ಟನ್ನು ಕಚಕ್ ಎಂದು ಕತ್ತರಿಸಿದೆ. ಕೆಳಗಿನ ಚಕ್ರದಿಂದ ಸೂಜಿಯನ್ನು ಓಡಿಸುವುದು ಅದೇ. ತುಂಡನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದೆ.

"ನೋಡು, ನೀನು ಅವಸರ ಮಾಡಿದ್ದಕ್ಕೆ! ಖಲಾಸ್. ನಿನ್ನಪ್ಪ ತಂದುಕೊಡುತ್ತಾನಾ ಹೊಸದು?"

ಜೇಬನ್ನು ಕೈಯಲ್ಲೇ ಹೊಲಿದೆ, ಒತ್ತಾಗಿ. ಕೆಳಗಿನಿಂದ ಯಾರೋ ಕೂಗಿದರು. ಅವನು ಅಂಗಿ ಹಾಕಿಕೊಂಡ, ನನ್ನ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಹೋದ. ಕೃತಜ್ಞತೆ ಎಂಬುದು ಏನೂ ಇರಲಿಲ್ಲ. ಕಳ್ಳ.

ಬೆಲ್ಟ್ ಎಲ್ಲೂ ಸಿಗಲಿಲ್ಲ, ಟೈಪ್‌ರೈಟರ್ ಮಂಚದಡಿಗೆ ಹೋಯಿತು. ಸ್ವಲ್ಪ ದಿನದಲ್ಲೇ ಬಿಳಿಯ ಹೆಂಗಸರನ್ನು ಬಿಡುತ್ತಾರೆಂದು ಸುದ್ದಿ ಬಂತು, ಮೇಡಂ ಹೊರಟರು. ಹೊರಡುವಾಗ ಆ ತುಂಡು ಬೆಲ್ಟನ್ನು ಕೇಳಿ ತೆಗೆದುಕೊಂಡರು. ನಾನು ಅಮ್ಮಾನ್ ದಾರಿಯಾಗಿ ಬೊಂಬಾಯಿಗೆ, ಅಲ್ಲಿಂದ ಮಂಗಳೂರಿಗೆ. ಮಿಷನ್ ಅಲ್ಲೇ ಹೋಯಿತು.

ಕೆಲವು ವರ್ಷದ ಮೇಲೆ ಅವರ ಮೂರನೆಯ ಕಾದಂಬರಿ ಅಂಚೆಯಲ್ಲಿ ಬಂತು. ಅವರಿಗೆ ದೊಡ್ಡ ಹೆಸರು ಬಂದದ್ದು ಅದರಿಂದಲೇ. ಅಕ್ಕನ ಮಗಳು ಟೀಚರು, ಓದಿ ಕನ್ನಡದಲ್ಲಿ ಹೇಳಿದಳು. ಅದರಲ್ಲಿ ಹೊಲಿಗೆ ಮಿಷನ್ ಇಲ್ಲ. ಕೆಲಸದ ಹೆಂಗಸು ಸೈನಿಕನ ಬೂಟಿನ ಮೇಲೆ ಬಿದ್ದು ಅಳುತ್ತಾಳೆ. ಅವನ ಮನಸ್ಸು ಕರಗುತ್ತದೆ.

ಪುಸ್ತಕದೊಳಗೆ ಫೋನ್ ನಂಬರಿತ್ತು. ಎಸ್‌ಟಿಡಿ ಅಂಗಡಿಗೆ ಹೋಗಿ ಮಾಡಿಸಿದೆ.

"ಮೇಡಂ, ನಾನು ಯಾವಾಗ ಅತ್ತೆ?"

"ಸೇಸ, ಅದು ಕಥೆ. ಬೆಲ್ಟಿನ ವಿಷಯ ಓದುವವರಿಗೆ ಅರ್ಥವಾಗುವುದಿಲ್ಲ. ಹಲವು ಸಲ ಬರೆದು ನೋಡಿದೆ."

"ಅರ್ಥ ಮಾಡಿಸುದು ನಿಮ್ಮ ಕೆಲಸ ಅಲ್ವಾ? ಏನೂ ತೋಚದವರು ಹೆಂಗಸನ್ನು ಅಳಿಸ್ತಾರೆ ಅಂತ ಹೇಳಿದ್ದು ಯಾರು?"

"ನಾನೇ" ಅಂದರು. ಮುಂದಿನ ಮುದ್ರಣದಲ್ಲಿ ನೋಡುತ್ತೇನೆ ಅಂದರು. ಆಮೇಲೆ ಎಷ್ಟೋ ಮುದ್ರಣ ಆಯಿತಂತೆ. ಆ ಹೆಂಗಸು ಇನ್ನೂ ಬೂಟಿನ ಮೇಲೆಯೇ ಇದ್ದಾಳೆ. ಅವರು ಕೆಟ್ಟವರಲ್ಲ, ಈಗಲೂ ಹೊಸ ವರ್ಷಕ್ಕೆ ಕಾರ್ಡು ಬರುತ್ತದೆ. ಆದರೆ ನನ್ನ ಕೆಲಸ ನನ್ನದು. ಅದನ್ನು ಹೇಗೆ ಮಾಡಿದೆ ಎಂದು ನಾನೇ ಹೇಳಬೇಕು, ಹೇಳದಿದ್ದರೆ ಇನ್ನೊಬ್ಬರು ತಮಗೆ ಬೇಕಾದ ಅಳತೆಗೆ ಕತ್ತರಿಸಿ ಹೊಲಿಯುತ್ತಾರೆ. ಅಷ್ಟು ವರ್ಷ ದುಡಿದು ನಾನು ಕಲಿತದ್ದು ಇದು.

ಬೆಲ್ಟಿನ ವಿಷಯ ನಿಮಗೆ ಅರ್ಥವಾಯಿತಲ್ಲ? ಹೇಳಲಿಕ್ಕೆ ನನಗೆ ಅರ್ಧ ಪುಟ ಸಾಕಾಯಿತು.