ಹಾಳಾಗದ ಪ್ರಿಂಟರು

ಪುತ್ತೂರಿನ ದರ್ಬೆಯಲ್ಲಿ ಅಂಗಡಿಗಳ ಶಟರುಗಳು ಇನ್ನೂ ಎದ್ದಿಲ್ಲ. ಕೃಷ್ಣಮೋಹನರ ಕೋಣೆಯಲ್ಲಿ ಮಾತ್ರ ಲೈಟು ಉರಿಯುತ್ತಿದೆ. ಪ್ರಿಂಟರಿನ ಕಾರ್ಟ್ರಿಜ್‌ಗೆ ಸಿರಿಂಜಿನಿಂದ ಶಾಯಿ ಇಳಿಸುತ್ತಿದ್ದಾರೆ, ಮಗುವಿಗೆ ಔಷಧಿ ಕುಡಿಸುವವರ ಹಾಗೆ. ಬೆಳಗ್ಗಿನ ಬಸ್ಸಿಗೆ ಇದು ಕಡಬದ ಶಾಲೆಯೊಂದಕ್ಕೆ ಹೋಗಬೇಕು. "ಪರೀಕ್ಷೆ ಉಂಟಂತೆ. ಪ್ರಶ್ನೆಪತ್ರಿಕೆ ಬಾರದಿದ್ರೆ ಮಕ್ಕಳಿಗೆ ಖುಷಿ, ಮೇಷ್ಟ್ರಿಗೆ ತಲೆಬಿಸಿ" ಎಂದು ನನ್ನತ್ತ ನೋಡಿ ನಗುತ್ತಾರೆ.

ಪುತ್ತೂರು, ಸುಳ್ಯ, ಕಡಬದ ಎಷ್ಟೋ ಕಚೇರಿಗಳ ಕಾಗದಪತ್ರ ಹೊರಬರುವುದು ಇಪ್ಪತ್ತು ವರ್ಷಗಳಿಂದ ಈ ಕಪ್ಪು ಬೆರಳುಗಳ ದಯೆಯಿಂದ. ಕಂಪನಿಯ ಹೊಸ ಶಾಯಿ ದುಬಾರಿ. ಇವರು ತುಂಬಿಸಿಕೊಡುವುದು ಅದರ ಕಾಲು ಬೆಲೆಗೆ. ಹೆಸರು ಹೇಳಿದರೆ ಯಾರಿಗೂ ಗೊತ್ತಾಗದು, "ಇಂಕಿನವರು" ಎಂದರೆ ಎಲ್ಲರಿಗೂ ಗೊತ್ತು.

ಇವರ ತಂಗಿ ದೇವಕಿಯವರದು ನರಿಮೊಗರಿನಲ್ಲಿ ಜೆರಾಕ್ಸ್ ಅಂಗಡಿ. ಬಾಡಿಗೆ ಕೋಣೆ ಬಿಟ್ಟು ಸ್ವಂತದ್ದು ಕೊಳ್ಳಲು ಹಣ ಕೂಡಿಟ್ಟಿದ್ದರು. ಅದನ್ನು ಶೇರಿನಲ್ಲಿ ಬೆಳೆಸುವ ಆಸೆ ಹುಟ್ಟಿ ಅಣ್ಣನನ್ನು ಕೇಳಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಜಗತ್ತಿನಲ್ಲಿ ಈಕೆ ಹಿತ್ತಲ ಗಿಡವನ್ನೇ ನಂಬಿದರು.

"ಅಣ್ಣ, ನೀನು ಮೆಷಿನಿನ ಹೊಟ್ಟೆ ಬಿಚ್ಚಿ ನೋಡುವವ, ಯಾವ ಕಂಪನಿ ಒಳ್ಳೇದು ಹೇಳು ಅಂದ್ಲು. ನನ್ನಲ್ಲಿಗೆ ರಿಪೇರಿಗೆ ಬಾರದ್ದು ಯಾವುದು ಅಂತ ಆಲೋಚನೆ ಮಾಡಿದೆ. ಕಂಪ್ಯೂಟರು, ಪ್ರಿಂಟರು ಎರಡೂ ಮಾಡುವ ಒಂದು ಕಂಪನಿ ಉಂಟು. ಅದರ ಮೆಷಿನ್ ಕಲ್ಲಿನ ಹಾಗೆ. ಅದರ ಶೇರನ್ನೇ ತೆಕ್ಕೊ ಅಂದೆ."

ಲೆಕ್ಕ ತಲೆಕೆಳಗಾಯಿತು. ಗಟ್ಟಿ ಯಂತ್ರ ಕೊಂಡವರು ಮತ್ತೊಂದು ಕೊಳ್ಳಲಿಲ್ಲ. ಕಂಪನಿಗೆ ಲಾಭ ಬರಬೇಕಾದದ್ದು ಶಾಯಿಯಿಂದ, ಅದೂ ಖರ್ಚಾಗಲಿಲ್ಲ. ಶೇರು ಅರ್ಧಕ್ಕಿಂತ ಕೆಳಗಿಳಿಯಿತು, ದೇವಕಿ ಹೆದರಿ ಮಾರಿಬಿಟ್ಟರು. ನೋಡಿಟ್ಟಿದ್ದ ಕೋಣೆ ಬೇರೆಯವರ ಪಾಲಾಯಿತು.

"ಅವರ ಶಾಯಿ ಇಲ್ಲಿ ಮಾರಿಹೋಗದ ಹಾಗೆ ಮಾಡಿದವ ನಾನೇ ಅಲ್ವಾ ಮಾರಾಯ್ರೆ? ಈ ಸಿರಿಂಜು ಕೈಯಲ್ಲಿ ಹಿಡ್ಕೊಂಡೇ ಆ ಶೇರು ತೆಕ್ಕೊ ಅಂದದ್ದು. ಅದೊಂದು ತಲೆಗೆ ಹೋಗ್ಲೇ ಇಲ್ಲ."

ಊರೂರಲ್ಲೂ ಒಬ್ಬೊಬ್ಬರು ಇಂಕಿನವರಿದ್ದಾರೆ, ಪಾಪವೆಲ್ಲ ನಿಮ್ಮದೊಬ್ಬರದೇ ಅಲ್ಲ ಎಂದು ಸಮಾಧಾನ ಹೇಳಿ ನೋಡುತ್ತೇನೆ. ಅವರು ತಲೆ ಎತ್ತುವುದಿಲ್ಲ, ನನಗೂ ಬೇಸರವಾಗುತ್ತದೆ. ದೇವಕಿ ಜಗಳ ಮಾಡಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಬರುವುದನ್ನು ಬಿಟ್ಟಿದ್ದಾರೆ, ಅಷ್ಟೆ. ಶಾಯಿಯನ್ನೂ ಈಗ ಬೇರೆ ಕಡೆಯಿಂದ ಹೊಸದೇ ತರುತ್ತಾರಂತೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೃಷ್ಣಮೋಹನ ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತಾರೆ.

"ಅವಳ ಅಂಗಡಿಯಲ್ಲಿ ಇರುದು ಅದೇ ಕಂಪನಿಯ ಪ್ರಿಂಟರು. ನಾನೇ ಆರಿಸಿ ಕೊಟ್ಟದ್ದು. ಒಂದು ಸಲ ಅದು ಹಾಳಾದ್ರೆ ಸಾಕು, ನನ್ನನ್ನು ಕರೀಲೇಬೇಕಲ್ಲ?" ಇನ್ನೊಂದು ಕಾರ್ಟ್ರಿಜ್ ಕೈಗೆತ್ತಿಕೊಂಡು ಹೇಳುತ್ತಾರೆ: "ಎಂತ ಮಾಡುದು, ಅದು ಹಾಳಾಗುದೇ ಇಲ್ಲ. ಅಷ್ಟು ಒಳ್ಳೆ ಮೆಷಿನ್ ಅದು."