ಬೇರೆ ಎತ್ತಿಟ್ಟ ಪೀಸು

ಪೀಸ್ ಎಂಬ ಇಂಗ್ಲಿಷ್ ಪದವನ್ನು ನಾನು ಐದನೆಯ ತರಗತಿಗೆ ಪ್ರತಿವರ್ಷ ಕಲಿಸುತ್ತೇನೆ. ಚಾಕಿನ ತುಂಡು, ಕಾಗದದ ಚೂರು, ಬೆಲ್ಲದ ಹರಳು. ಮಕ್ಕಳಿಗೆ ಅದು ಮೊದಲೇ ಗೊತ್ತಿರುತ್ತದೆ. ಮಟನ್ ಅಂಗಡಿಯಲ್ಲಿ ನಿಂತು ಸಣ್ಣ ಪೀಸ್ ಮಾಡಿಸಿಕೊಂಡು ಬರುವವರೇ ಅವರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ಗಂಡಸರು ಹಾದುಹೋಗುವ ಹುಡುಗಿಯರಿಗೂ ಅದೇ ಮಾತು ಆಡುತ್ತಾರೆ, ಅವರ ಬಾಯಿಗೆ ಮಣ್ಣು ಹಾಕ. ನಮ್ಮ ಅವ್ವನಿಗೆ ಮಾತ್ರ ಪೀಸ್ ಅಂದರೆ ಒಂದೇ, ಉಡಿ ತುಂಬುವಾಗ ಕೊಡುವ ಜಂಪರ್ ಪೀಸ್, ರವಿಕೆಯ ಬಟ್ಟೆ.

ಈ ಪೀಸುಗಳನ್ನು ನಮ್ಮ ಕಡೆ ಹೊಲಿಸುವವರು ಕಡಿಮೆ. ಒಬ್ಬರ ಮನೆಯಲ್ಲಿ ಸಿಕ್ಕಿದ್ದನ್ನು ಇನ್ನೊಬ್ಬರ ಮನೆಗೆ ದಾಟಿಸಿ ಕೈ ತೊಳೆದುಕೊಳ್ಳುತ್ತಾರೆ. ಇಜೇರಿಯಲ್ಲಿ ಕೊಟ್ಟದ್ದು ನೆಲೋಗಿಗೆ ಹೋಗಿ, ಅಲ್ಲಿಂದ ಆಳಂದಕ್ಕೆ ಹೋಗಿ, ತಿರುಗುತ್ತಲೇ ಹಳತಾಗುತ್ತದೆ.

ಜೇವರ್ಗಿಯಲ್ಲಿ ನಾವು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ, ಬದುಕೆಲ್ಲ ಕೂಲಿ ಮಾಡಿದ ಅವ್ವ ಹಾಗೆ ಮಾಡಲಿಲ್ಲ. ನನ್ನ ಶಾಲೆಯ ಹಿರಿಯ ಟೀಚರ್ ಬರುತ್ತಾರೆಂದು ತವರೂರು ಅಫಜಲಪುರಕ್ಕೆ ಹೋಗಿ, ಗುರುತಿನ ಅಂಗಡಿಯಲ್ಲಿ ನೇರಳೆ ಬಣ್ಣದ ಖಣದ ಪೀಸ್ ತಂದಳು. ಅಂಚಿನ ಎಳೆ ಬಿಚ್ಚಬಾರದೆಂದು ಹಸಿರು ದಾರದಿಂದ ತಾನೇ ಹೊಲಿಗೆ ಹಾಕಿ, ಕಾಗದದಲ್ಲಿ ಸುತ್ತಿಟ್ಟಳು.

"ಅವ್ರು ಇದನ್ನ ಹೊಲಿಸಿಕೊಂಡು ಸಾಲಿಗಿ ಬಂದ ದಿನ ನನಗ ಹೇಳು ಬೇ," ಎಂದಳು. ಅವಳಿಗೆ ಬೇಕಾಗಿದ್ದು ಅಷ್ಟೇ.

ಟೀಚರ್ ಬಂದರು. ಗೋಡೆಯ ಮೇಲಿನ ಬುದ್ಧನ ಫೋಟೋ ನೋಡಿದರು. "ಇವತ್ತ ನನ್ನ ಉಪವಾಸ ಅದರಿ," ಎಂದು ನೀರನ್ನೂ ಕುಡಿಯಲಿಲ್ಲ. ಪೀಸನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಹೋದರು.

"ಹೊಲಿಸ್ಯಾರೇನ್ ಬೇ?" ಎಂದು ಅವ್ವ ತಿಂಗಳುಗಟ್ಟಲೆ ಕೇಳಿದಳು. ಟೇಲರ್ ಊರಲ್ಲಿಲ್ಲವಂತೆ ಎಂದು ನಾನು ಸುಳ್ಳು ಹೇಳಿದೆ.

ವರ್ಷದ ಮೇಲೆ ಟೀಚರ್ ತಮ್ಮ ಬಸುರಿ ಮಗಳ ಕುಬಸದ ಕಾರ್ಯಕ್ಕೆ ಕರೆದರು. ಅವ್ವನೂ ನಾನೂ ಹೋದೆವು. ಹೊರಡುವಾಗ ಅವರ ಸೊಸೆ ತಟ್ಟೆಯಲ್ಲಿದ್ದ ಪೀಸುಗಳಿಗೆ ಕೈ ಹಾಕಿದಳು.

"ಅದರಾಗಿಂದ ಬ್ಯಾಡ," ಎಂದರು ಟೀಚರ್. "ಇವರಿಗಿ ಮ್ಯಾಲಿನ ಫಳಿ ಮ್ಯಾಲ ಬ್ಯಾರೆ ಇಟ್ಟೇನಿ, ಅದು ತೊಗೊಂಡ ಬಾ."

ಅವ್ವನ ಮುಖ ಅರಳಿತು. "ನಮಗಂತ ಬ್ಯಾರೆ ಇಟ್ಟಿದ್ರು ನೋಡು," ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಳು.

ಮನೆಗೆ ಬಂದು ಬಿಚ್ಚಿದರೆ ಅದೇ ನೇರಳೆ ಖಣ, ಅದೇ ಹಸಿರು ದಾರ. ಸುತ್ತಿದ ಕಾಗದವೂ ಅವ್ವನದೇ. ಊರವರ ಪೀಸುಗಳ ಜೊತೆ ನಮ್ಮ ಕೇರಿಯದು ಬೆರೆಯಬಾರದೆಂದು ವರ್ಷಪೂರ್ತಿ ಎತ್ತಿಟ್ಟು, ನಮಗೇ ತಿರುಗಿಸಿದ್ದರು. ಅವ್ವ ತನ್ನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದು ಇನ್ನ ಯಾರ ಮನಿಗೂ ಹೋಗೂದು ಬ್ಯಾಡ. ನೀನೇ ಹೊಲಿಸಿಕೋ," ಎಂದಳು. ಆಮೇಲೆ ಟೀಚರ್ ಸುದ್ದಿ ಎತ್ತಲಿಲ್ಲ.

ಹೊಲಿಸಿ, ತೊಟ್ಟುಕೊಂಡು ಶಾಲೆಗೆ ಹೋದೆ. ಬೇಕೆಂದೇ ಟೀಚರ್ ಪಕ್ಕದ ಕುರ್ಚಿಯಲ್ಲಿ ಕೂತೆ. ಅವರ ಮುಖ ಬಾಡುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಅವರು ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು.

"ಎಷ್ಟ ಛಂದ ಪೀಸ್ ಅದರಿ! ಎಲ್ಲಿ ತೊಗೊಂಡ್ರಿ? ನನಗೂ ಒಂದು ತರಿಸಿ ಕೊಡ್ರಿ," ಎಂದರು.

ಅವ್ವ ಸುತ್ತಿದ ಕಾಗದವನ್ನು ಅವರು ಒಮ್ಮೆಯೂ ಬಿಚ್ಚಿರಲಿಲ್ಲ.