ಚಿಲಕಕ್ಕೆ ಕಟ್ಟಿದ ಕೆಂಪು ರಿಬ್ಬನ್

ಅಕ್ಕನ ಮಗಳಿಗೆ ಮನೆಯಲ್ಲಿ ನಾವಿಟ್ಟ ಹೆಸರು ರೇಡಿಯೋ. ಒಂದೂವರೆ ವರ್ಷಕ್ಕೆ ಬಾಯಿ ಬಿಟ್ಟವಳು ಮತ್ತೆ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಅರಳು ಹುರಿದ ಹಾಗೆ ಮಾತು. ಸ್ನಾನದ ಮಗ್ಗಿನ ಜೊತೆ ಮಾತು, ಚಪ್ಪಲಿ ಜೊತೆ ಮಾತು, ಗೋಡೆಯ ಹಲ್ಲಿಯನ್ನೂ ಬಿಡುತ್ತಿರಲಿಲ್ಲ. "ಇದರ ಬ್ಯಾಟರಿ ಎಲ್ಲಿದೆ, ಸ್ವಲ್ಪ ತೆಗೀರಪ್ಪಾ" ಎನ್ನುತ್ತಾ ಭಾವ ಅವಳ ಬೆನ್ನು ತಡಕಿದರೆ ಕಿಲಕಿಲ ನಗುತ್ತಿದ್ದಳು. ಈಗ ಅವಳಿಗೆ ಒಂಬತ್ತು ವರ್ಷ. ಆ ಹೆಸರಿನಿಂದ ಅವಳನ್ನು ಯಾರೂ ಕರೆಯುವುದಿಲ್ಲ.

ನಾನು ಹೇಳಹೊರಟಿದ್ದು ಅಕ್ಕನ ಕಥೆ. ಅಕ್ಕ ಆಗ ಸಹಾಯವಾಣಿಯಲ್ಲಿ ಫೋನ್ ಎತ್ತುತ್ತಿದ್ದಳು. ಮೊದಲು ಕರೆಂಟ್ ದೂರುಗಳ ವಿಭಾಗದಲ್ಲಿದ್ದಳು. ಊರವರ ಬೈಗುಳವನ್ನೆಲ್ಲ ಕಿವಿಗೆ ಹಾಕಿಕೊಂಡು ಸಂಜೆ ಮನೆಗೆ ಬಂದು, ಒಬ್ಬೊಬ್ಬರ ದನಿಯನ್ನೂ ಅಣಕಿಸಿ ನಮಗೆ ನಾಟಕ ತೋರಿಸುತ್ತಿದ್ದಳು. ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಗುತ್ತಿತ್ತು. ಸೋಂಕು ಹರಡಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಅವಳ ಕಚೇರಿಯನ್ನೂ ಮುಚ್ಚಿದರು. ಲ್ಯಾಪ್‌ಟಾಪ್, ಹೆಡ್‌ಫೋನ್ ಕೊಟ್ಟು ಮನೆಗೆ ಕಳಿಸಿದರು. ಕೆಲಸವೂ ಬದಲಾಯಿತು. ಈಗ ಫೋನ್ ಮಾಡುವವರು ಕೇಳುತ್ತಿದ್ದದ್ದು ಆಸ್ಪತ್ರೆಯಲ್ಲಿ ಒಂದು ಹಾಸಿಗೆ.

ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಪಾಳಿ. ಭಾವ ಆಂಬುಲೆನ್ಸ್ ಡ್ರೈವರ್. ಸೋಂಕು ಮನೆಗೆ ತರಬಾರದೆಂದು ಐದು ವಾರಗಳಿಂದ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲೇ ಮಲಗುತ್ತಿದ್ದರು. ಮನೆಯಲ್ಲಿ ಅಕ್ಕ ಮತ್ತು ನಾಲ್ಕು ವರ್ಷದ ರೇಡಿಯೋ, ಇಬ್ಬರೇ. ಇದ್ದ ಎರಡು ಕೋಣೆಗಳ ನಡುವೆ ಕಿಟಕಿಯಿಲ್ಲದ ಒಂದು ಉಗ್ರಾಣ. ಅದರ ಗೋಡೆಗೆ ಹಾಸಿಗೆಗಳನ್ನು ಒರಗಿಸಿ ನಿಲ್ಲಿಸಿ, ಬಾಗಿಲು ಮುಚ್ಚಿ, ಅಕ್ಕ ಅದರೊಳಗೆ ಕೂತು ಕೆಲಸ ಮಾಡುತ್ತಿದ್ದಳು. ಮಲಗಲಿಕ್ಕೆ ಹಾಸಿಗೆ ಇಲ್ಲ ಎಂದು ದಿನಕ್ಕೆ ಎಂಬತ್ತು ಸಲ ಹೇಳುವವಳ ಸುತ್ತ ಹಾಸಿಗೆಗಳೇ.

ಅಷ್ಟಾದರೂ ಸದ್ದು ನಿಲ್ಲಲಿಲ್ಲ. ಕರೆಗಳೆಲ್ಲ ರೆಕಾರ್ಡ್ ಆಗುತ್ತಿದ್ದವು, ಮೇಲ್ವಿಚಾರಕ ಕೂತು ಕೇಳುತ್ತಿದ್ದ. ಹಿಂದಿನಿಂದ ಮನೆಯ ಸದ್ದು ಬಂದರೆ ಒಂದು ನೋಟಿಸ್. ಮೂರು ನೋಟಿಸ್ ಆದರೆ ಕೆಲಸ ಹೋಯಿತು. ಮೊದಲನೆಯದು ರೇಡಿಯೋ ಹಾಡಿದ್ದಕ್ಕೆ ಬಂತು. ಎರಡನೆಯದಂತೂ, ಯಾರೋ ಮುದುಕರು ಆಮ್ಲಜನಕಕ್ಕಾಗಿ ಅಂಗಲಾಚುತ್ತಿರುವಾಗ ಇವಳು ಬಾಗಿಲು ಬಡಿದು, "ಅಮ್ಮಾ, ಕಕ್ಕ ಬಂತು!" ಎಂದು ಕಿರುಚಿದ್ದಕ್ಕೆ. ಅದನ್ನು ಫೋನಿನಲ್ಲಿ ನನಗೆ ಹೇಳುವಾಗ ಅಕ್ಕ ನಗಲು ಹೋಗಿ ಅತ್ತಳು.

"ಇನ್ನೊಂದು ಬಂದ್ರೆ ಮುಗೀತು ಕಣೆ. ಇದರ ಬಾಯಿ ಕಟ್ಟೋದು ಹೇಗೆ?" ಎಂದಳು.

"ಅಷ್ಟೇನಾ? ಅದನ್ನ ನಂಗೆ ಬಿಡು" ಎಂದೆ ನಾನು.

ನಾನು ಶಿಶುವಿಹಾರದ ಟೀಚರ್. ಮೂವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ತೆಪ್ಪಗೆ ಕೂರಿಸುತ್ತೇನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ! ಆ ಸಂಜೆ ವಿಡಿಯೋ ಕರೆಯಲ್ಲಿ ರೇಡಿಯೋಗೆ ಆಟ ಹೇಳಿಕೊಟ್ಟೆ. ಉಗ್ರಾಣದ ಚಿಲಕಕ್ಕೆ ಅಮ್ಮ ಕೆಂಪು ರಿಬ್ಬನ್ ಕಟ್ಟಿದರೆ ಬಾಯಿಗೆ ಬೀಗ. ಮಾತಿಲ್ಲ, ಬಾಗಿಲು ಬಡಿಯುವ ಹಾಗಿಲ್ಲ, ಅಳುವ ಹಾಗೂ ಇಲ್ಲ. ಅಮ್ಮನೇ ಬಂದು ರಿಬ್ಬನ್ ಬಿಚ್ಚಿದರೆ ಬೀಗ ತೆರೆಯಿತು. ಇಡೀ ದಿನ ಸೋಲದಿದ್ದರೆ ಒಂದು ನಕ್ಷತ್ರ.

"ಏನೇ ಆದ್ರೂ ಮಾತಾಡ್ಬಾರ್ದಾ?" ಎಂದು ಕೇಳಿದಳು.

"ಏನೇ ಆದ್ರೂ" ಎಂದೆ.

ಆಟ ಹತ್ತಿಬಿಟ್ಟಿತು. ಅಕ್ಕ ಎರಡು ಗಂಟೆಗೊಮ್ಮೆ ಎದ್ದು ಬಂದು ರಿಬ್ಬನ್ ಬಿಚ್ಚಿ, ಉಣ್ಣಿಸಿ, ಮತ್ತೆ ಕಟ್ಟಿ ಒಳಗೆ ಹೋಗುತ್ತಿದ್ದಳು. ನೋಟಿಸ್ ಬರಲಿಲ್ಲ. ಗೋಡೆಯ ಮೇಲೆ ಇಪ್ಪತ್ತಾರು ನಕ್ಷತ್ರಗಳಾದವು. ಆದರೆ ರಿಬ್ಬನ್ ಬಿಚ್ಚಿದ ಮೇಲೂ ಹುಡುಗಿ ಪಿಸುಗುಟ್ಟತೊಡಗಿದ್ದಳು. ಗೊಂಬೆಯನ್ನು ಮಲಗಿಸಿ, ಅದರ ಕಿವಿಯಲ್ಲಿ ಅಕ್ಕನದೇ ದನಿಯಲ್ಲಿ, "ದಯವಿಟ್ಟು ಲೈನಲ್ಲೇ ಇರಿ, ಈಗ ಖಾಲಿ ಇಲ್ಲ" ಎನ್ನುತ್ತಿದ್ದಳಂತೆ. ಅಕ್ಕ ಹೆದರಿ ನನಗೆ ಹೇಳಿದಾಗ, "ಮಕ್ಕಳು ಹಾಗೇ ಕಣೇ, ಕೇಳಿದ್ದನ್ನ ಆಡ್ತವೆ" ಎಂದು ತಳ್ಳಿಹಾಕಿದೆ.

ಇಪ್ಪತ್ತೇಳನೆಯ ದಿನ. ಒಬ್ಬ ಗಂಡಸು ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದ್ದ. ಹೆಂಡತಿಗೆ ಉಸಿರಾಡಲು ಆಗುತ್ತಿಲ್ಲ. ನಾಲ್ಕು ಸಲವೂ ಅಕ್ಕನಿಗೇ ಸಿಕ್ಕಿದ್ದ, ನಾಲ್ಕು ಸಲವೂ ಪಟ್ಟಿಯಲ್ಲಿ ಹಾಸಿಗೆ ಇರಲಿಲ್ಲ. ಎರಡಕ್ಕೆ ಹತ್ತು ನಿಮಿಷವಿರುವಾಗ ಐದನೆಯ ಸಲ ಲೈನಿಗೆ ಬಂದ. ಅಕ್ಕ ಅದೇ ಮಾತು ಹೇಳಿದಳು. ಅವನು ಫೋನನ್ನು ಎಲ್ಲೋ ಇಟ್ಟ, ಆದರೆ ಕಟ್ ಮಾಡಲಿಲ್ಲ.

ಸಹಾಯವಾಣಿಯಲ್ಲಿ ಒಂದು ನಿಯಮವಿದೆ. ಕರೆ ಮಾಡಿದವರೇ ಫೋನ್ ಇಡಬೇಕು, ಎತ್ತಿದವರು ಇಡುವಂತಿಲ್ಲ. ಅಕ್ಕ, "ಸರ್, ಇದ್ದೀರಾ?" ಎನ್ನುತ್ತಾ ಕೂತಳು. ಆ ಕಡೆ ಫ್ಯಾನ್ ತಿರುಗುವ ಸದ್ದು, ಮಂಚ ಕಿರುಗುಟ್ಟುವ ಸದ್ದು, ಯಾರದೋ ಏದುಸಿರು. ಒಮ್ಮೆ ಅವನು, "ನೀರು ಕುಡೀತೀಯಾ?" ಎಂದು ಕೇಳಿದ್ದು ಕೇಳಿಸಿತು. ಎರಡು ಗಂಟೆಯಾಯಿತು, ಪಾಳಿ ಮುಗಿಯಿತು. ಅಕ್ಕ ಏಳಲಿಲ್ಲ. "ನಿಯಮ ಅಂತ ಅಲ್ಲ ಕಣೆ" ಎಂದು ಆಮೇಲೆ ನನಗೆ ಹೇಳಿದಳು, "ಆ ಉಸಿರನ್ನ ಬಿಟ್ಟು ಎದ್ದು ಬರೋಕೆ ನನ್ ಕೈಲಿ ಆಗ್ಲಿಲ್ಲ." ಉಸಿರುಗಳ ನಡುವಿನ ಹೊತ್ತು ಉದ್ದವಾಗುತ್ತಾ ಹೋಯಿತು. ಆಮೇಲೆ ಫ್ಯಾನಿನ ಸದ್ದಷ್ಟೇ ಉಳಿಯಿತು. ಎರಡೂವರೆಗೆ ಕರೆ ತಾನಾಗಿಯೇ ಕಟ್ ಆಯಿತು.

ಅಕ್ಕ ಹೆಡ್‌ಫೋನ್ ತೆಗೆದು ಬಾಗಿಲು ನೂಕಿದಳು. ಬಾಗಿಲು ಏನಕ್ಕೋ ಮೆತ್ತಗೆ ತಾಕಿತು.

ಹೊರಗೆ ರೇಡಿಯೋ ನಿಂತಿದ್ದಳು. ಗಾಳಿಗೆ ಅಡುಗೆಮನೆಯ ಬಾಗಿಲು ಬಡಿದು ಬೆರಳು ಜಜ್ಜಿಹೋಗಿತ್ತು. ತಾನೇ ಬೆರಳು ಎಳೆದುಕೊಂಡು ಬಂದು ಅಲ್ಲಿ ನಿಂತಿದ್ದಳು. ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದಳು. ಕಾಲ ಬಳಿ ನೆಲಕ್ಕೆ ತೊಟ್ಟಿಕ್ಕಿದ್ದ ರಕ್ತದ ಅಂಚು ಆಗಲೇ ಒಣಗಿತ್ತಂತೆ. ಅಷ್ಟು ಹೊತ್ತಾಗಿತ್ತು.

"ಅಯ್ಯೋ ಕಂದಾ! ಏನಾಯ್ತೇ? ಯಾವಾಗಾಯ್ತೇ?" ಎಂದು ಅಕ್ಕ ಬಾಚಿ ಎತ್ತಿಕೊಂಡಳು.

ಹುಡುಗಿ ತಲೆ ಅಲ್ಲಾಡಿಸಿದಳು. ಬಾಯಿ ಬಿಡಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ, ಗಂಟಲಲ್ಲಿ ಒಂದು ಸದ್ದಿಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದಳು. ಅಕ್ಕ ಆ ಕಡೆ ತಿರುಗಿದಳು. ಚಿಲಕದಲ್ಲಿ ರಿಬ್ಬನ್ ಇನ್ನೂ ಇತ್ತು. ಒಂದೇ ಕೈಯಲ್ಲಿ ಗಂಟು ಬಿಚ್ಚಲಾಗದೆ ಹಲ್ಲಿನಲ್ಲಿ ಕಚ್ಚಿ ಕಿತ್ತಳು. ಆಮೇಲೆ ಹುಡುಗಿ ಕಿರುಚಿದ ಕಿರುಚಾಟಕ್ಕೆ ಎದುರುಮನೆಯವರು ಬಾಗಿಲು ತೆಗೆದರಂತೆ.

ಗಾಬರಿಯಲ್ಲಿ ಅಕ್ಕ ಫೋನ್ ಮಾಡಿದ್ದು ತನ್ನದೇ ಸಹಾಯವಾಣಿಗೆ. "ದಯವಿಟ್ಟು ಲೈನಲ್ಲೇ ಇರಿ" ಎಂದಿತು ರೆಕಾರ್ಡಿನ ದನಿ. ಕೊನೆಗೆ ಭಾವನೇ ಫೋನಿನಲ್ಲಿ ಹೇಳಿಕೊಟ್ಟು ತೊಳೆಸಿ ಪಟ್ಟಿ ಕಟ್ಟಿಸಿದರು. ಉಗುರು ಉದುರಿತು. ಬೆರಳ ತುದಿ ಇವತ್ತಿಗೂ ಸೊಟ್ಟ.

ಅಂದು ಸಂಜೆ ವಿಡಿಯೋ ಕರೆಯಲ್ಲಿ ದಪ್ಪ ಪಟ್ಟಿ ಕಟ್ಟಿದ ಕೈಯನ್ನು ಪರದೆಗೆ ಹಿಡಿದಳು. ಅತ್ತು ಅತ್ತು ಮುಖ ಊದಿತ್ತು.

"ಚಿಕ್ಕಮ್ಮಾ, ನಾನು ಗೆದ್ನಾ?" ಎಂದು ಪಿಸುಗುಟ್ಟಿದಳು.

"ಗೆದ್ದೆ ಪುಟ್ಟಾ" ಎಂದೆ ನಾನು. ಆ ಮಾತಿಗೆ ನನ್ನ ನಾಲಿಗೆ ಸೀಳಬೇಕು.

ಅಕ್ಕ ರಿಬ್ಬನ್ನನ್ನು ಒಲೆಗೆ ಹಾಕಿ, ಮಾರನೆಯ ದಿನವೇ ಕೆಲಸ ಬಿಟ್ಟಳು. ನನ್ನನ್ನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ಈಗ ಒಂದು ಅಂಗಡಿಯಲ್ಲಿ ಬಟ್ಟೆ ಅಳೆದು ಕೊಡುತ್ತಾಳೆ. ಬೇರೆಯವರ ದನಿ ಅಣಕಿಸಿ ನಾಟಕ ಮಾಡುವುದು ನಿಂತಿದೆ. ಅವಳ ಮನೆಯಲ್ಲಿ ಯಾವ ಬಾಗಿಲೂ ಮುಚ್ಚುವಂತಿಲ್ಲ. ನಮ್ಮ ಮನೆಗೆ ಬಂದರೂ ಅಷ್ಟೇ, ಮಾತಿನ ನಡುವೆ ತಟ್ಟನೆ ಎದ್ದು ಹೋಗಿ ಮುಚ್ಚಿದ ಬಾಗಿಲನ್ನು ತೆಗೆದು ಆಚೆ ನೋಡಿ ಬರುತ್ತಾಳೆ. "ಯಾರಿದ್ದಾರೇ ಅಲ್ಲಿ?" ಎಂದು ನಾನು ಮೊದಮೊದಲು ರೇಗುತ್ತಿದ್ದೆ. "ಯಾರೂ ಇಲ್ಲ" ಎಂದು ಬಂದು ಕೂರುತ್ತಿದ್ದಳು.

ಹೋದ ತಿಂಗಳು ತಾಯಿ, ಮಗಳು ಇಬ್ಬರೂ ಬಂದಿದ್ದರು. ಸೆಕೆಗೆ ಫ್ಯಾನಿದ್ದ ಕೋಣೆಯಲ್ಲಿ ಕೂತು ಅಕ್ಕ, ನಾನು ಏನೇನೋ ಹರಟುತ್ತಿದ್ದೆವು. ಬಾಗಿಲು ಗಾಳಿಗೆ ಮುಚ್ಚಿಕೊಂಡಿತ್ತು. ಅಕ್ಕ ಎಂದಿನಂತೆ ಎದ್ದಳು. "ಕೂತ್ಕೊಳೇ ಮಾರಾಯ್ತಿ" ಎಂದೆ. ಕೇಳಲಿಲ್ಲ, ಹೋಗಿ ತೆಗೆದಳು.

ಹುಡುಗಿ ಬಾಗಿಲ ಆಚೆ ನಿಂತಿದ್ದಳು. ಕೈಯಲ್ಲಿ ಮೊನೆ ಮುರಿದ ಪೆನ್ಸಿಲ್.

"ಎಷ್ಟೊತ್ತಾಯ್ತೇ ಬಂದು?" ಎಂದು ನಾನು ಕೇಳಿದೆ.

"ಗೊತ್ತಿಲ್ಲ" ಎಂದಳು ಮೆಲ್ಲಗೆ. "ನೀವಿಬ್ರೂ ಮಾತಾಡ್ತಾ ಇದ್ರಿ."

ಅಕ್ಕ ಚಿಲಕವನ್ನು ಮುಟ್ಟಿ ನೋಡಿದಳು. ಅದರಲ್ಲಿ ಏನೂ ಇರಲಿಲ್ಲ.